ಅಣ್ಣಾಸಾಹೇಬ ಕಿರ್ಲೋಸ್ಕರರು

ನದಿಗೆ ನಾಡಗಡಿಯ ಕಟ್ಟಿಲ್ಲ. ಒಂದು ನಾಡಿನಲ್ಲಿ ಹುಟ್ಟಿ ಮತ್ತೊಂದು ನಾಡಿನ ಹೊಲಗಳಿಗೆ ಅದು ನೀರುಣಿಸುತ್ತದೆ. ಕಲೆಯೂ ಹಾಗೆಯೇ. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿ ರಂಗಭೂಮಿಗೆ ಸಂಗೀತದ ಸೊಬಗನ್ನು ನೀಡಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಜೀವನವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಅಣ್ಣಾಸಾಹೇಬರ ನಿಜನಾಮಧೇಯ ಬಳವಂತ ಪಾಂಡುರಂಗ ಕಿರ್ಲೋಸ್ಕರ. ಅವರು 1843ನೆಯ ಇಸವಿಯ ಮಾರ್ಚ್ 31ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಸವದತ್ತಿಯ ಸಮೀಪದ ಈ ಊರು ಧಾರವಾಡಕ್ಕೂ ಬಹುದೂರವಲ್ಲ. ಮನೆಯ ಮಾತು ಮರಾಠಿ. ಊರಿನ ಮಾತು ಕನ್ನಡ. ಬಾಲಕ ಬಳವಂತನು ಎರಡನ್ನೂ ಎಳೆವೆಯಲ್ಲಿಯೇ ಕಲಿತನು. ಹರಿಕೀರ್ತನೆ, ಲಾವಣಿ ಮತ್ತು ಬಯಲಾಟದ ಹಾಡುಗಳು ಆ ಸೀಮೆಯ ಗಾಳಿಯಲ್ಲಿಯೇ ಬೆರೆತಿದ್ದವು.

ಅವರು ಹುಟ್ಟಿದ ವರ್ಷದಲ್ಲಿಯೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರ ನಾಟಕವನ್ನು ಆಡಿಸಿದರು. ಮರಾಠಿ ನಾಟಕದ ಚರಿತ್ರೆ ಆರಂಭವಾಗುವುದು ಇಲ್ಲಿಂದ. ಇದಕ್ಕೆ ಪ್ರೇರಣೆ ದೊರೆತದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದ ಯಕ್ಷಗಾನದ ಮೇಳದಿಂದ. ಹೀಗೆ ಕನ್ನಡದ ಆಟವೊಂದು ಮರಾಠಿಯ ಅಂಗಳದಲ್ಲಿ ಹೊಸ ವೇಷ ತೊಟ್ಟಿತ್ತು.

ವಿದ್ಯಾಭ್ಯಾಸಕ್ಕಾಗಿ ಅಣ್ಣಾಸಾಹೇಬರು ಪುಣೆಗೆ ಹೋದರು. ಆದರೆ ಅವರ ಮನಸ್ಸನ್ನು ಸೆಳೆದದ್ದು ಪಠ್ಯಪುಸ್ತಕಗಳಲ್ಲ, ನಾಟಕದ ಪದ್ಯಗಳು. 1866ರಲ್ಲಿ ಅವರು ಭಾರತಶಾಸ್ತ್ರೋತ್ತೇಜಕ ಮಂಡಳಿ ಎಂಬ ನಾಟಕಸಂಘವನ್ನು ಹುಟ್ಟುಹಾಕುವುದರಲ್ಲಿ ಪಾಲುಗೊಂಡರು. ನಟರೆಂದರೆ ಸಮಾಜವು ಮೂಗುಮುರಿಯುತ್ತಿದ್ದ ಕಾಲವದು. ಹೊಟ್ಟೆಪಾಡಿಗೆ ಅವರು ಬೆಳಗಾವಿಯಲ್ಲಿ ಶಿಕ್ಷಕರಾದರು. ಬಳಿಕ ಸರಕಾರದ ಕಚೇರಿಯಲ್ಲಿ ದುಡಿದರು. ಆದರೂ ನಾಟಕದ ಹಂಬಲ ಆರಲಿಲ್ಲ. 1873ರಲ್ಲಿ ಶಂಕರಾಚಾರ್ಯರ ಜೀವನವನ್ನು ಕುರಿತು ಶಾಂಕರ ದಿಗ್ಜಯ ಎಂಬ ನಾಟಕವನ್ನು ಬರೆದರು.

ಇದೇ ವೇಳೆಗೆ ಮುಂಬಯಿಯಲ್ಲಿ ಬೇರೊಂದು ರಂಗಭೂಮಿ ವಿಜೃಂಭಿಸುತ್ತಿತ್ತು. ಅದು ಪಾರ್ಸಿಗಳ ರಂಗಭೂಮಿ. ಪಾರ್ಸಿಗಳ ಪೂರ್ವಜರು ಶತಮಾನಗಳ ಹಿಂದೆ ಇರಾನಿನಿಂದ ಕಡಲು ದಾಟಿ ಬಂದು ಗುಜರಾತಿನಲ್ಲಿ ನೆಲೆಸಿದವರು. ಗುಜರಾತಿಯನ್ನೇ ಅವರು ತಮ್ಮ ಮನೆಮಾತಾಗಿ ಮಾಡಿಕೊಂಡರು. ಆದರೆ ಇರಾನಿನ ನೆನಪನ್ನು ಬಿಡಲಿಲ್ಲ. 1853ರಲ್ಲಿ ಅವರು ಆಡಿದ ನಾಟಕದ ಕಥೆ ಮಹಾಕವಿ ಫಿರ್ದೌಸಿಯ ಶಾಹನಾಮೆಯಲ್ಲಿ ಬರುವ ರುಸ್ತುಂ ಮತ್ತು ಸೊಹ್ರಾಬರದು. 1868ರಲ್ಲಿ ವಿಕ್ಟೋರಿಯಾ ನಾಟಕ ಮಂಡಳಿ ಸ್ಥಾಪನೆಯಾಯಿತು. ಮೊದಲು ಗುಜರಾತಿಯಲ್ಲಿ ಆಡುತ್ತಿದ್ದ ಈ ಮಂಡಳಿಯು 1871ರಿಂದ ಉರ್ದುವಿನಲ್ಲಿಯೂ ಆಡತೊಡಗಿತು. ಎರಡು ಭಾಷೆಗಳಲ್ಲಿ ಆಡಿದ್ದರಿಂದ ಪಾರ್ಸಿ ಕಂಪನಿಗಳಿಗೆ ದೇಶದ ಉದ್ದಗಲಕ್ಕೂ ಪ್ರೇಕ್ಷಕರು ದೊರೆತರು.

1880ರಲ್ಲಿ ಪುಣೆಯಲ್ಲಿ ಪಾರ್ಸಿ ಕಂಪನಿಯೊಂದು ಇಂದರಸಭಾ ನಾಟಕವನ್ನು ಆಡಿತು. ಲಖನೌದ ಕವಿ ಅಮಾನತರು ರಚಿಸಿದ ಈ ಕೃತಿಯಲ್ಲಿ ದೇವೇಂದ್ರನ ಒಡ್ಡೋಲಗವಿದೆ. ಆ ಒಡ್ಡೋಲಗದಲ್ಲಿ ಕುಣಿಯುವವರು ಪಾರಸಿ ಕಥೆಗಳ ಪರಿಗಳು. ಇರಾನಿನ ಕಲ್ಪನೆಯೂ ಭಾರತದ ಪುರಾಣವೂ ಅಲ್ಲಿ ಕೈಹಿಡಿದು ನಿಂತಿವೆ. ಕಥೆಯೆಲ್ಲ ಹಾಡಿನಲ್ಲಿಯೇ ಸಾಗುತ್ತದೆ. ಇದನ್ನು ನೋಡಿದ ಅಣ್ಣಾಸಾಹೇಬರಿಗೆ ತಮ್ಮ ದಾರಿ ಹೊಳೆಯಿತು. ಅದುವರೆಗೆ ಮರಾಠಿ ನಾಟಕದಲ್ಲಿ ಸೂತ್ರಧಾರನೂ ಅವನ ಮೇಳದವರೂ ಹಾಡುತ್ತಿದ್ದರು, ಪಾತ್ರಧಾರಿಗಳು ಅಭಿನಯಿಸುತ್ತಿದ್ದರು. ಪಾತ್ರವೇ ತನ್ನ ಸುಖದುಃಖಗಳನ್ನು ಹಾಡಬೇಕೆಂದು ಅವರು ನಿರ್ಧರಿಸಿದರು.

ಪಾರ್ಸಿಗಳ ಬೆಡಗನ್ನು ಅವರು ಕಣ್ಣುಮುಚ್ಚಿ ಅನುಕರಿಸಲಿಲ್ಲ. ಕಾಳಿದಾಸನ ಶಾಕುಂತಲವನ್ನು ಕೈಗೆತ್ತಿಕೊಂಡು ಮರಾಠಿಯಲ್ಲಿ ನೂರಕ್ಕೂ ಮಿಕ್ಕ ಪದಗಳನ್ನು ಹೊಸೆದರು. ಆ ಪದಗಳಿಗೆ ಧಾಟಿಯನ್ನು ಕೀರ್ತನೆಯಿಂದ, ಲಾವಣಿಯಿಂದ, ತಾವು ಬಾಲ್ಯದಲ್ಲಿ ಕೇಳಿದ್ದ ಕನ್ನಡದ ಹಾಡುಗಳಿಂದ ಆಯ್ದುಕೊಂಡರು. ಇದಕ್ಕೆ ಸುಮಾರು ಒಂದು ದಶಕದ ಹಿಂದೆಯೇ ಚುರಮರಿ ಶೇಷಗಿರಿರಾಯರು ಶಾಕುಂತಲವನ್ನು ದೇಸಿಯ ಹಾಡುಗಳೊಡನೆ ಕನ್ನಡಕ್ಕೆ ತಂದಿದ್ದರು. ಅದರ ಪ್ರಭಾವವೂ ಅಣ್ಣಾಸಾಹೇಬರ ಮೇಲೆ ಆಗಿದೆಯೆಂದು ಕನ್ನಡದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ರಂಗಮಂದಿರದಲ್ಲಿ ಸಂಗೀತ ಶಾಕುಂತಲವು ರಂಗವೇರಿತು. ಆಗ ಅವರಿಗೆ ಮೂವತ್ತೇಳು ವರ್ಷ ವಯಸ್ಸು. ನಾಟಕಕ್ಕೆ ಅಪಾರ ಜನಮನ್ನಣೆ ದೊರೆಯಿತು. ಕಿರ್ಲೋಸ್ಕರ ನಾಟಕ ಮಂಡಳಿಯ ಕೀರ್ತಿ ಹಬ್ಬಿತು. 1882ರಲ್ಲಿ ಸೌಭದ್ರವು ರಂಗಕ್ಕೆ ಬಂದಿತು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂಬ ಬಲರಾಮನ ಹಟ, ಅರ್ಜುನನ ಸನ್ಯಾಸಿ ವೇಷ, ಕೃಷ್ಣನ ಜಾಣತನ, ಇವೆಲ್ಲ ಅಲ್ಲಿ ಮನೆಮನೆಯ ಕಥೆಯಂತೆ ಆತ್ಮೀಯವಾಗಿ ಮೂಡಿವೆ. 1884ರಲ್ಲಿ ಆರಂಭಿಸಿದ ರಾಮರಾಜ್ಯವಿಯೋಗವನ್ನು ಮುಗಿಸಲು ಅವರಿಗೆ ಆಯುಷ್ಯ ಸಾಲಲಿಲ್ಲ. 1885ರ ನವೆಂಬರ್ 2ರಂದು, ನಾಲ್ವತ್ತೆರಡನೆಯ ವಯಸ್ಸಿನಲ್ಲಿ, ತಾವು ಹುಟ್ಟಿದ ಗುರ್ಲಹೊಸೂರಿನಲ್ಲಿಯೇ ಅವರು ಕಣ್ಣುಮುಚ್ಚಿದರು.

ಅವರು ಕಟ್ಟಿದ ಮಂಡಳಿ ಅವರೊಡನೆ ಅಳಿಯಲಿಲ್ಲ. ಭಾವುರಾವ ಕೊಲ್ಹಟಕರರು ಅದರ ಕಂಠವಾದರು. ಗೋವಿಂದ ಬಲ್ಲಾಳ ದೇವಲರು ಅದಕ್ಕೆ ನಾಟಕಗಳನ್ನು ಬರೆದರು. 1905ರಲ್ಲಿ ಬಾಲಗಂಧರ್ವರು ಅದನ್ನು ಸೇರಿದರು.

ಅಂದಿನ ಮುಂಬಯಿ ಕರ್ನಾಟಕದಲ್ಲಿ ಶಾಲೆ ಕಚೇರಿಗಳಲ್ಲಿ ಮರಾಠಿಗೇ ಮನ್ನಣೆಯಿತ್ತು. ಕನ್ನಡಕ್ಕೆ ಎಡೆ ದೊರಕಿಸಲು ಡೆಪ್ಯೂಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ಮರಾಠಿ ಕಂಪನಿಗಳು ಹುಬ್ಬಳ್ಳಿ ಧಾರವಾಡಗಳಲ್ಲಿ ಬೀಡುಬಿಟ್ಟಾಗ ಕನ್ನಡದ ಜನರೇ ಮುಗಿಬಿದ್ದು ನೋಡುತ್ತಿದ್ದರು. ಇದು ಅಭಿಮಾನಿಗಳನ್ನು ಕೆಣಕಿತು. ಗದಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ವಾಮನರಾವ ಮಾಸ್ತರರು, ಗರುಡ ಸದಾಶಿವರಾಯರು ಮೊದಲಾದವರು ಸಂಗೀತ ನಾಟಕವನ್ನು ಕನ್ನಡದಲ್ಲಿ ಬೆಳಗಿಸಿದರು. ವಾಮನರಾಯರ ಕಂಪನಿಯಲ್ಲಿ ಬಾಲನಟರಾಗಿದ್ದ ಮಲ್ಲಿಕಾರ್ಜುನ ಮನಸೂರರು ಹಿಂದುಸ್ತಾನಿ ಸಂಗೀತದ ಮಹಾಗಾಯಕರಾದರು. ಹುಬ್ಬಳ್ಳಿಯ ಸಮೀಪದ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿಯೇ ಹೆಸರು ಗಳಿಸಿದರು.

ಕನ್ನಡದ ಯಕ್ಷಗಾನವು ಮರಾಠಿಗೆ ನಾಟಕದ ಪ್ರೇರಣೆಯನ್ನು ನೀಡಿತು. ಇರಾನಿನಿಂದ ಬಂದವರ ವಂಶಜರು ಅದಕ್ಕೆ ಹೊಸ ಮಾರ್ಗವನ್ನು ತೋರಿಸಿದರು. ಮರಾಠಿಯ ಸಂಗೀತ ನಾಟಕವು ಕನ್ನಡಕ್ಕೆ ಆ ಸಾಲವನ್ನು ಮರಳಿಸಿತು. ಈ ಕೊಡುಕೊಳ್ಳುವಿಕೆಯ ನಡುವೆ ಸೇತುವೆಯಾಗಿ ನಿಂತವರು ಅಣ್ಣಾಸಾಹೇಬ ಕಿರ್ಲೋಸ್ಕರರು. ಪರರಿಂದ ಪಡೆಯಲು ಅವರು ಸಂಕೋಚಪಡಲಿಲ್ಲ. ಪಡೆದುದನ್ನು ತಮ್ಮದಾಗಿಸಿಕೊಳ್ಳದೆಯೂ ಬಿಡಲಿಲ್ಲ.