ಟಾಫ್ಟ್ ನಿಜಕ್ಕೂ ಬಾತ್‌ಟಬ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರೇ? ತೂಕದ ಜೊತೆ ಸೆಣಸಿದ ಅಧ್ಯಕ್ಷರ ಬದುಕು ಮತ್ತು ಬೇರಿಯಾಟ್ರಿಕ್ ಸರ್ಜರಿಗೆ ಮುನ್ನ ತಿಳಿಯಬೇಕಾದದ್ದು

ಅಮೆರಿಕದ 27ನೇ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ ಅಂದರೆ ಬಹಳ ಜನಕ್ಕೆ ನೆನಪಾಗುವುದು ಒಂದೇ ಸಂಗತಿ: ಶ್ವೇತಭವನದ ಬಾತ್‌ಟಬ್‌ನಲ್ಲಿ ಸಿಕ್ಕಿಹಾಕಿಕೊಂಡ ದಪ್ಪ ಮನುಷ್ಯ. ಇಂಥ ಪೋಸ್ಟ್ ನೋಡಿ ನಕ್ಕು ಫಾರ್ವರ್ಡ್ ಮಾಡುವುದು ಸುಲಭ. ಆದರೆ ನಿಮ್ಮ ಗ್ರೂಪ್‌ನಲ್ಲೇ ಯಾರೋ ಒಬ್ಬರು ತೂಕ ಇಳಿಸುವ ಆಪರೇಷನ್‌ಗೆ, ಅಂದರೆ ಬೇರಿಯಾಟ್ರಿಕ್ ಸರ್ಜರಿಗೆ ತಯಾರಾಗುತ್ತಿರಬಹುದು. ಅದಕ್ಕೂ ಮೊದಲು ಸ್ವಲ್ಪ ತೂಕ ಇಳಿಸಿ ಬನ್ನಿ ಎಂದು ಡಾಕ್ಟರ್ ಹೇಳಿರಬಹುದು. ಇಳಿಸಲು ಆಗುತ್ತದೆ ಅಂದಮೇಲೆ ಆಪರೇಷನ್ ಯಾಕೆ ಎಂದು ಮನೆಯವರೇ ಕೇಳುತ್ತಿರಬಹುದು. ಆ ಪ್ರಶ್ನೆಗೆ ಟಾಫ್ಟ್ ಬದುಕಿನಲ್ಲಿ ಒಳ್ಳೆಯ ಉತ್ತರ ಸಿಗುತ್ತದೆ.

ಸೋಮಾರಿಯಂತೂ ಆಗಿರಲಿಲ್ಲ

ಟಾಫ್ಟ್ ಹುಟ್ಟಿದ್ದು 1857ರ ಸೆಪ್ಟೆಂಬರ್ 15ರಂದು, ಓಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. 1878ರಲ್ಲಿ ಯೇಲ್ ವಿದ್ಯಾಸಂಸ್ಥೆಯಿಂದ ತರಗತಿಗೇ ಎರಡನೆಯವರಾಗಿ ಹೊರಬಂದರು. ಮೂವತ್ತರ ಆಸುಪಾಸಿನಲ್ಲೇ ನ್ಯಾಯಾಧೀಶರಾದರು. ಫಿಲಿಪ್ಪೀನ್ಸ್‌ನಲ್ಲಿ ಗವರ್ನರ್ ಆಗಿ ಆಡಳಿತ ನಡೆಸಿದರು. 1904ರಲ್ಲಿ ಯುದ್ಧ ಇಲಾಖೆಯ ಮುಖ್ಯಸ್ಥರಾದರು. 1909ರಿಂದ 1913ರವರೆಗೆ ಅಧ್ಯಕ್ಷ, 1921ರಿಂದ 1930ರವರೆಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅಮೆರಿಕದ ಇತಿಹಾಸದಲ್ಲಿ ಈ ಎರಡೂ ಹುದ್ದೆಗಳನ್ನು ಏರಿದವರು ಅವರೊಬ್ಬರೇ.

ಇಷ್ಟೆಲ್ಲ ಮಾಡಿದ ಮನುಷ್ಯನ ದೇಹದ ಬಗ್ಗೆ ತಮಾಷೆಗಳಿಗೆ ಬರವಿರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿದ್ದಾಗ, ದೂರದ ಬೆಟ್ಟಕ್ಕೆ ಕುದುರೆ ಮೇಲೆ ಹೋಗಿ ಬಂದೆ, ಆರೋಗ್ಯವಾಗಿದ್ದೇನೆ ಎಂದು ಅವರು ತಂತಿ ಕಳಿಸಿದರು. ವಾಷಿಂಗ್ಟನ್‌ನಿಂದ ಬಂದ ಮರುತಂತಿ ವಿಚಾರಿಸಿದ್ದು ಕುದುರೆಯ ಆರೋಗ್ಯವನ್ನು. ಟಾಫ್ಟ್ ತಾವೇ ಈ ಕಥೆ ಹೇಳಿ ನಗಿಸುತ್ತಿದ್ದರು.

ಲಂಡನ್ ಡಾಕ್ಟರಿಗೆ ಪತ್ರ

ನಗಿಸಿದರೂ ಅವರು ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿರಲಿಲ್ಲ. 1905ರ ಕೊನೆಯಲ್ಲಿ ಲಂಡನ್ನಿನ ಡಾಕ್ಟರ್ ನಥಾನಿಯಲ್ ಯಾರ್ಕ್-ಡೇವೀಸ್ ಅವರ ಚಿಕಿತ್ಸೆ ಶುರುಮಾಡಿದರು. ಆಗ ಅವರ ತೂಕ 314 ಪೌಂಡ್, ಅಂದರೆ ಸುಮಾರು 142 ಕೆಜಿ. ಎತ್ತರ ಸುಮಾರು 6 ಅಡಿ. ಇಂದಿನ ಲೆಕ್ಕದಲ್ಲಿ ಬಿಎಂಐ 40 ದಾಟುತ್ತದೆ. ಈಗಿನ ಕಾಲವಾಗಿದ್ದರೆ ಡಾಕ್ಟರು ಸರ್ಜರಿಯ ಮಾತೆತ್ತುತ್ತಿದ್ದರು.

ಡಾಕ್ಟರ್ ಕೊಟ್ಟ ಪಟ್ಟಿ ಬಹಳ ಖಚಿತವಾಗಿತ್ತು. ಬೆಳಿಗ್ಗೆ 8ಕ್ಕೆ ಒಂದು ಲೋಟ ಬಿಸಿನೀರಿಗೆ ನಿಂಬೆರಸ. 9ಕ್ಕೆ ಸಕ್ಕರೆ ಇಲ್ಲದ ಟೀ ಅಥವಾ ಕಾಫಿ, ಸುಮಾರು 170 ಗ್ರಾಂ ಕೊಬ್ಬಿಲ್ಲದ ಮಾಂಸ, ಎರಡು ಮೂರು ಗ್ಲುಟನ್ ಬಿಸ್ಕತ್ತು. ಮಧ್ಯಾಹ್ನ ಮತ್ತು ರಾತ್ರಿ ತೂಗಿ ಅಳೆದ ಮಾಂಸ, ಬೇಯಿಸಿದ ಹಸಿರು ತರಕಾರಿ, ಸಕ್ಕರೆ ಹಾಕದ ಹಣ್ಣು. ಟಾಫ್ಟ್ ದಿನವೂ ತೂಕ ನೋಡಿ ಬರೆದಿಟ್ಟುಕೊಂಡು, ಡಾಕ್ಟರಿಗೆ ತಪ್ಪದೆ ಪತ್ರ ಹಾಕುತ್ತಿದ್ದರು.

ಬಿಸಿನೀರು, ನಿಂಬೆರಸ ಅಂದಕೂಡಲೇ ನಿಮ್ಮ ಕಿವಿ ನೆಟ್ಟಗಾಗಿರಬಹುದು. ನೂರು ವರ್ಷ ಹಿಂದಿನ ಅಧ್ಯಕ್ಷರೂ ಇದನ್ನೇ ಕುಡಿದಿದ್ದರು ನೋಡಿ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ನಿಂಬೆನೀರು ಕೊಬ್ಬು ಕರಗಿಸುವುದಿಲ್ಲ. ಕೆಲಸ ಮಾಡಿದ್ದು ಅಳತೆಯ ಊಟ, ಸಕ್ಕರೆ ಬಿಟ್ಟದ್ದು ಮತ್ತು ಡಾಕ್ಟರ್ ಬೆನ್ನುಬಿಡದೆ ವಿಚಾರಿಸುತ್ತಿದ್ದದ್ದು. 1906ರ ಏಪ್ರಿಲ್ ಹೊತ್ತಿಗೆ ಅವರ ತೂಕ 255 ಪೌಂಡ್, ಅಂದರೆ ಸುಮಾರು 116 ಕೆಜಿಗೆ ಬಂದಿತ್ತು. ಕೆಲವೇ ತಿಂಗಳಲ್ಲಿ 27 ಕೆಜಿಯಷ್ಟು ಇಳಿಕೆ!

ಹೋದ ತೂಕ ವಾಪಸ್ ಬಂತು

ಮೂರು ವರ್ಷ ಕಳೆದು, 1909ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ ಟಾಫ್ಟ್ ತೂಕ ಮೊದಲಿಗಿಂತಲೂ ಹೆಚ್ಚಾಗಿತ್ತು, ಸುಮಾರು 160 ಕೆಜಿ. ಅದೇ ವರ್ಷ ಮೇ ತಿಂಗಳಲ್ಲಿ ಪತ್ನಿ ಹೆಲೆನ್‌ಗೆ ಪಾರ್ಶ್ವವಾಯು ಹೊಡೆಯಿತು. ಗೆಳೆಯ ಥಿಯೊಡೋರ್ ರೂಸ್‌ವೆಲ್ಟ್ ಜೊತೆಗಿನ ಸ್ನೇಹವೂ ಮುರಿಯಿತು. 1912ರ ಚುನಾವಣೆಯಲ್ಲಿ ಟಾಫ್ಟ್ ಮೂರನೇ ಸ್ಥಾನಕ್ಕೆ ಕುಸಿದರು.

ಮನಸ್ಸು ಗಟ್ಟಿ ಮಾಡಿದ್ದರೆ ತೂಕ ನಿಲ್ಲುತ್ತಿತ್ತು ಎನ್ನುವವರಿಗೆ ವಿಜ್ಞಾನ ಬೇರೆಯೇ ಮಾತು ಹೇಳುತ್ತದೆ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದೇ ಭಾವಿಸುತ್ತದೆ. ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ. ಹೊಟ್ಟೆ ತುಂಬಿದೆ, ಕೊಬ್ಬಿನ ದಾಸ್ತಾನು ಇದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ. ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ತೂಕ ಇಳಿಸುವುದು ಒಂದು ಕೆಲಸ, ಇಳಿದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಟಾಫ್ಟ್ ಸೋತಿದ್ದು ಎರಡನೆಯದರಲ್ಲಿ.

ಹಾಗಾದರೆ ಬಾತ್‌ಟಬ್ ಕಥೆ?

1909ರಲ್ಲಿ ಪನಾಮಾ ಪ್ರಯಾಣಕ್ಕೆಂದು ಅವರ ಹಡಗಿನಲ್ಲಿ ಭಾರೀ ಟಬ್ ಅಳವಡಿಸಿದ್ದು ನಿಜ. ಅದರೊಳಗೆ ನಾಲ್ವರು ಗಂಡಸರು ಆರಾಮವಾಗಿ ಕುಳಿತ ಫೋಟೋ ಇದೆ. ಸಿಕ್ಕಿಹಾಕಿಕೊಂಡ ಕಥೆ ಬಂದದ್ದು ಶ್ವೇತಭವನದ ಸಿಬ್ಬಂದಿಯೊಬ್ಬರ ನೆನಪಿನ ಪುಸ್ತಕದಿಂದ. ಅದು ಪ್ರಕಟವಾದದ್ದು 1934ರಲ್ಲಿ, ಟಾಫ್ಟ್ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ. ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ಪುರಾವೆ ಇಲ್ಲ. ನಾಲ್ಕು ಜನ ಗೆಣ್ಣು ಹಾಕಿ ಎಳೆದರು, ಬೆಣ್ಣೆ ಸವರಿದರು ಎಂಬ ವಿವರಗಳೆಲ್ಲ ಬಾಯಿಂದ ಬಾಯಿಗೆ ಬೆಳೆದ ರೆಕ್ಕೆಪುಕ್ಕ.

ನಗಬಾರದಿದ್ದ ನಿದ್ದೆ

ಟಾಫ್ಟ್ ಸಭೆಗಳಲ್ಲಿ, ಸಮಾರಂಭಗಳಲ್ಲಿ, ಮಾತನಾಡುತ್ತಿರುವವರ ಎದುರೇ ನಿದ್ದೆಗೆ ಜಾರುತ್ತಿದ್ದರು. ಜೋರು ಗೊರಕೆಯೂ ಇತ್ತು. ಜನ ಇದನ್ನೂ ತಮಾಷೆ ಮಾಡಿದರು. ಇಂದಿನ ವೈದ್ಯರು ಆ ವಿವರಗಳನ್ನು ಓದಿ ಶಂಕಿಸುವುದು ಸ್ಲೀಪ್ ಅಪ್ನಿಯಾ ಕಾಯಿಲೆಯನ್ನು. ಮಲಗಿದಾಗ ಗಂಟಲಿನ ದಾರಿ ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ ಇದು. 1913ರಲ್ಲಿ ಅಧಿಕಾರ ಬಿಟ್ಟು ಯೇಲ್‌ನಲ್ಲಿ ಕಾನೂನು ಕಲಿಸಲು ಹೋದ ಟಾಫ್ಟ್, ಒಂದು ವರ್ಷದೊಳಗೆ ಸುಮಾರು 30 ಕೆಜಿ ಇಳಿಸಿದರು. ಹಗಲು ನಿದ್ದೆ ಬಹುತೇಕ ಮಾಯವಾಯಿತು. ಈ ಸಲ ತೂಕ ಹಿಂದಿನ ಮಟ್ಟಕ್ಕೆ ಏರಲಿಲ್ಲ. ಮುಖ್ಯ ನ್ಯಾಯಮೂರ್ತಿಯಾದಾಗ ಮನೆಯಿಂದ ಕೋರ್ಟಿಗೆ ನಡೆದೇ ಹೋಗುವ ಅಭ್ಯಾಸವಿತ್ತು. 1930ರ ಮಾರ್ಚ್ 8ರಂದು, 72ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಅವರ ಕಾಲದಲ್ಲಿ ಇಲ್ಲದ್ದು, ನಮ್ಮ ಕಾಲದಲ್ಲಿ ಇರುವುದು

ತೂಕ ಇಳಿಸುವ ಸರ್ಜರಿ ಶುರುವಾದದ್ದೇ 1950ರ ದಶಕದಲ್ಲಿ. ಗ್ಯಾಸ್ಟ್ರಿಕ್ ಬೈಪಾಸ್ ಬಂದದ್ದು 1960ರ ದಶಕದಲ್ಲಿ. ಹೊಟ್ಟೆ ಚಿಕ್ಕದಾಗುವುದಷ್ಟೇ ಇದರ ಕೆಲಸವಲ್ಲ. ಹಸಿವಿನ ಹಾರ್ಮೋನುಗಳೂ ಬದಲಾಗುವುದರಿಂದ, ಟಾಫ್ಟ್ ಸೋತ ಎರಡನೆಯ ಕೆಲಸಕ್ಕೆ ಇದು ಆಸರೆಯಾಗುತ್ತದೆ. ಇಳಿಸಲು ಆಗುವವರಿಗೂ ಆಪರೇಷನ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಹಾಗಿದ್ದರೆ ಮೊದಲೇ ತೂಕ ಇಳಿಸಿ ಎನ್ನುವುದೇಕೆ? ಅದು ನಿಮ್ಮ ಮನೋಬಲದ ಪರೀಕ್ಷೆಯಲ್ಲ, ಆಪರೇಷನ್ ಸಲೀಸಾಗಲಿ ಎಂಬ ತಯಾರಿ. ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಿರುತ್ತದೆ. ಕೀಹೋಲ್ ಸರ್ಜರಿಯಲ್ಲಿ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಕೊಬ್ಬು ತುಂಬಿ ಊದಿದ ಯಕೃತ್ತನ್ನು ಎತ್ತುವುದು ಕಷ್ಟ, ರಕ್ತಸ್ರಾವದ ಭಯವೂ ಇರುತ್ತದೆ. ಅದಕ್ಕೇ ಅನೇಕ ಕಡೆ ಸರ್ಜರಿಗೆ ಮುನ್ನ ಎರಡು ವಾರ ಅಥವಾ ಇನ್ನೂ ಸ್ವಲ್ಪ ಹೆಚ್ಚು ದಿನ, ಕ್ಯಾಲೊರಿ ಮತ್ತು ಪಿಷ್ಟ ಕಡಿಮೆ, ಪ್ರೋಟೀನ್ ಸಾಕಷ್ಟು ಇರುವ ಆಹಾರ ಕೊಡುತ್ತಾರೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಅದರ ಜೊತೆಗಿನ ನೀರು, ಸ್ವಲ್ಪ ಕೊಬ್ಬು ಖಾಲಿಯಾಗಿ ಅದು ಕುಗ್ಗುತ್ತದೆ.

ಮನೆಯಲ್ಲಿ ನೆನಪಿಡಬೇಕಾದದ್ದು:

• ಈ ಡಯಟ್ ನಿಮ್ಮ ಆಸ್ಪತ್ರೆಯ ಪಟ್ಟಿಯಂತೆಯೇ ಇರಲಿ. ಬರೀ ನಿಂಬೆನೀರಿನ ಉಪವಾಸ ಬೇಡ. ಪ್ರೋಟೀನ್ ಕೊರತೆಯಾದರೆ ಗಾಯ ಮಾಯುವುದು ತಡವಾಗುತ್ತದೆ.

• ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ಡೋಸ್ ಬದಲಿಸದಿದ್ದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಾವಾಗಿಯೇ ಔಷಧ ನಿಲ್ಲಿಸಲೂಬಾರದು.

• ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಮುಚ್ಚಿಡಬೇಡಿ. ಸ್ಲೀಪ್ ಅಪ್ನಿಯಾ ಇರುವವರಿಗೆ ಅರಿವಳಿಕೆ ಕೊಡುವಾಗ ಹೆಚ್ಚಿನ ಎಚ್ಚರ ಬೇಕು.

• ಬೀಡಿ, ಸಿಗರೇಟು ಬಿಡಿ.

• ಟಾಫ್ಟ್ ಮಾಡಿದಂತೆ ತಿಂದದ್ದನ್ನೂ ತೂಕವನ್ನೂ ಬರೆದಿಡಿ. ಸರ್ಜರಿಯ ನಂತರವೂ ತಪಾಸಣೆ, ವಿಟಮಿನ್ ಮಾತ್ರೆ ಜೀವನಪೂರ್ತಿ ಇರುತ್ತವೆ. ಅವನ್ನು ಬಿಟ್ಟರೆ ರಕ್ತಹೀನತೆಯಂಥ ತೊಂದರೆ ಬರಬಹುದು. ಸರ್ಜರಿಯಾದವರಲ್ಲೂ ಸ್ವಲ್ಪ ತೂಕ ಮರಳುವುದುಂಟು.

ಟಾಫ್ಟ್ ಟಬ್ಬಿನಲ್ಲಿ ಸಿಕ್ಕಿಬಿದ್ದರು ಎನ್ನುವುದಕ್ಕೆ ಆಧಾರವಿಲ್ಲ. ಅವರು 27 ಕೆಜಿ ಇಳಿಸಿದ್ದು, ಅದು ಮರಳಿ ಬಂದದ್ದು, ಐವತ್ತೈದು ದಾಟಿದ ಮೇಲೆ ಮತ್ತೆ ಇಳಿಸಿದ್ದು ಎಲ್ಲವೂ ನಿಜ. ಮುಂದಿನ ಸಲ ಟಬ್ಬಿನ ಜೋಕ್ ಬಂದರೆ ಅದರ ಬದಲು ಈ ಕಥೆ ಕಳಿಸಿ. ಸರ್ಜರಿಗೆ ತಯಾರಾಗುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.