ಫೋಟೋ 51ಕ್ಕೇ ಮುಗಿಯಲಿಲ್ಲ ರೊಸಾಲಿಂಡ್ ಫ್ರಾಂಕ್ಲಿನ್ ಕಥೆ: ವೈರಸ್ಸಿನ ಆರ್‌ಎನ್‌ಎ ಹಿಂದೆ ಹೊರಟ ವಿಜ್ಞಾನಿ

ಡಿಎನ್‌ಎ ಚಿತ್ರ ತೆಗೆದ ಮಹಿಳೆಗೆ ನೊಬೆಲ್ ತಪ್ಪಿತು ಎಂಬ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ. ಉಳಿದರ್ಧವನ್ನು ನಾವು ಇಲ್ಲಿ ಹೇಳುತ್ತೇವೆ.

ರೊಸಾಲಿಂಡ್ ಫ್ರಾಂಕ್ಲಿನ್ ಹುಟ್ಟಿದ್ದು 1920ರ ಜುಲೈ 25ರಂದು, ಲಂಡನ್ನಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ರಸಾಯನಶಾಸ್ತ್ರ ಓದಿದರು. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳನ್ನು ಅಧ್ಯಯನ ಮಾಡಿ 1945ರಲ್ಲಿ ಡಾಕ್ಟರೇಟ್ ಪಡೆದರು. ಪ್ಯಾರಿಸ್ಸಿನಲ್ಲಿ ಎಕ್ಸ್-ರೇ ಮೂಲಕ ಅಣುಗಳ ರಚನೆ ಕಂಡುಹಿಡಿಯುವುದನ್ನು ಕಲಿತು, 1951ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು.

1952ರಲ್ಲಿ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದದ್ದೇ ಫೋಟೋ 51. ಅವರಿಗೆ ಗೊತ್ತಿಲ್ಲದಂತೆ ಅದನ್ನು ವಾಟ್ಸನ್‌ಗೆ ತೋರಿಸಲಾಯಿತು. 1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದಾಗ ಫ್ರಾಂಕ್ಲಿನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಫಾರ್ವರ್ಡ್ ಇಲ್ಲಿಗೆ ನಿಲ್ಲುತ್ತದೆ. ಫ್ರಾಂಕ್ಲಿನ್ ನಿಲ್ಲಲಿಲ್ಲ.

1953ರಲ್ಲಿ ಅವರು ಬರ್ಕ್‌ಬೆಕ್ ಕಾಲೇಜು ಸೇರಿ, ತಂಬಾಕಿನ ಎಲೆಗೆ ಮೊಸಾಯಿಕ್ ರೋಗ ತರುವ ವೈರಸ್ಸನ್ನು ಕೈಗೆತ್ತಿಕೊಂಡರು. ಕೋಲಿನಾಕಾರದ ಈ ವೈರಸ್ಸಿನಲ್ಲಿ ಡಿಎನ್‌ಎ ಇಲ್ಲ, ಆರ್‌ಎನ್‌ಎ ಮಾತ್ರ. ಅದರ ಪ್ರೋಟೀನ್ ತುಣುಕುಗಳು ಮುಸುಕಿನ ಜೋಳದ ಕಾಳುಗಳಂತೆ ಸುರುಳಿಯಾಗಿ ಜೋಡಿಸಿಕೊಂಡಿವೆ. ಆರ್‌ಎನ್‌ಎ ಎಲ್ಲಿದೆ? ನಡುವೆ ಟೊಳ್ಳು, ಆರ್‌ಎನ್‌ಎ ಇರುವುದು ಪ್ರೋಟೀನಿನ ಮಧ್ಯೆ ಹುದುಗಿಕೊಂಡು, ನಡುಗೆರೆಯಿಂದ ಸುಮಾರು 4 ನ್ಯಾನೋಮೀಟರ್ ದೂರದಲ್ಲಿ ಎಂದು ಫ್ರಾಂಕ್ಲಿನ್ ತೋರಿಸಿದರು.

1956ರಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾದರೂ ಕೆಲಸ ಬಿಡದೆ ಪೋಲಿಯೋ ವೈರಸ್ಸಿನ ಅಧ್ಯಯನಕ್ಕೂ ಕೈಹಾಕಿದರು. 1958ರ ಏಪ್ರಿಲ್ 16ರಂದು, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನ ಬ್ರಸೆಲ್ಸ್‌ನಲ್ಲಿ ಆರಂಭವಾದ ವಿಶ್ವ ಮೇಳದಲ್ಲಿ ಅವರು ಸಿದ್ಧಪಡಿಸಿದ್ದ ವೈರಸ್ ಮಾದರಿ ಪ್ರದರ್ಶನಕ್ಕಿತ್ತು.

ಅವರು ಜಾಗ ಗುರುತಿಸಿದ ಅದೇ ಆರ್‌ಎನ್‌ಎಯ ಒಂದು ತುದಿಯಲ್ಲಿ ರಾಸಾಯನಿಕ ಟೋಪಿಯೊಂದಿದೆ ಎಂಬುದು 1975ರಲ್ಲಿ ಗೊತ್ತಾಯಿತು. ಅದರಲ್ಲಿರುವುದು ಮೀಥೈಲ್ ಎಂಬ ಪುಟ್ಟ ಗುಂಪು. ಜೀವಕೋಶದ ಸ್ವಂತ ಸಂದೇಶವಾಹಕ ಆರ್‌ಎನ್‌ಎಗೂ ಇಂಥದ್ದೇ ಟೋಪಿ. ಹಾಗಾಗಿ ಕೋಶವು ವೈರಸ್ಸಿನ ಆರ್‌ಎನ್‌ಎಯನ್ನು ತನ್ನದೇ ಎಂಬಂತೆ ಓದಿ, ಅದಕ್ಕೆ ಬೇಕಾದ ಪ್ರೋಟೀನ್ ತಯಾರಿಸಿಕೊಡುತ್ತದೆ, ವೈರಸ್ ಹೆಚ್ಚುತ್ತದೆ. ಕೊರೊನಾ ವೈರಸ್ಸಂತೂ ಟೋಪಿ ಹಾಕಿಕೊಳ್ಳಲು ಬೇಕಾದ ಕಿಣ್ವಗಳನ್ನು ತಾನೇ ಮಾಡಿಕೊಂಡು ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸುತ್ತದೆ.

ಆರ್‌ಎನ್‌ಎಯ ನಡುವೆಯೂ ಮೀಥೈಲ್ ಗುರುತುಗಳು ಬೀಳುತ್ತವೆ. ಇವನ್ನು ಹಾಕುವುದು ನಮ್ಮ ಕೋಶದ ಕಿಣ್ವಗಳು. ಇವು ಎಚ್‌ಐವಿ ಹೆಚ್ಚಲು ನೆರವಾಗುವುದು, ಝಿಕಾ ವೈರಸ್ಸಿಗೆ ಕಡಿವಾಣ ಹಾಕುವುದು ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ಗುರುತು ಒಂದೇ, ಫಲ ಬೇರೆ ಬೇರೆ.

ಮಾರ್ಪಡಿಸಿದ ಆರ್‌ಎನ್‌ಎ ಎಂದರೆ ವಿಷ, ಅದು ನಮ್ಮ ಡಿಎನ್‌ಎಯನ್ನೇ ಬದಲಿಸುತ್ತದೆ ಎಂಬ ಫಾರ್ವರ್ಡ್ ಕೂಡ ಓಡಾಡುತ್ತಿದೆ. ಇದು ತಪ್ಪು. ಇಂಥ ಮಾರ್ಪಾಡುಗಳು ನಿಮ್ಮ ಕೋಶಗಳಲ್ಲಿ ಈ ಕ್ಷಣವೂ ನಡೆಯುತ್ತಿವೆ. ಈ ಗುರುತುಗಳಿಗೆ ಡಿಎನ್‌ಎ ತಿದ್ದುವ ಶಕ್ತಿಯಿಲ್ಲ.

ಫ್ರಾಂಕ್ಲಿನ್ ಬಗ್ಗೆ ಇನ್ನೊಮ್ಮೆ ಫಾರ್ವರ್ಡ್ ಬಂದರೆ, ತಂಬಾಕಿನ ಎಲೆಯ ಈ ಕಥೆಯನ್ನೂ ಅದರ ಜೊತೆ ಸೇರಿಸಿ ಕಳಿಸಿ.