ಗುಂಡುಗಳ ಲೆಕ್ಕ ಹಿಡಿದ ಬ್ಲ್ಯಾಕೆಟ್

ಒಂಬತ್ತನೆಯ ತರಗತಿಯ ದತ್ತಾಂಶ ಪಾಠಕ್ಕೆ ಪೂರಕವಾಗಿ ಒಬ್ಬ ವಿಜ್ಞಾನಿಯ ಜೀವನವನ್ನು ಹೇಳೋಣವೆಂದು ನಾನು ಆರಿಸಿಕೊಂಡದ್ದು ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರನ್ನು. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ನೌಕಾಪಡೆಯ ಶಾಲೆ ಸೇರಿ, 1916ರ ಜಟ್ಲೆಂಡ್ ಕದನವನ್ನು ಕಂಡವರು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ರುದರ್‌ಫರ್ಡ್ ಅವರ ಶಿಷ್ಯರಾದರು. ಅಲ್ಲಿ ಸುಮಾರು 23,000 ಛಾಯಾಚಿತ್ರಗಳನ್ನು ಪರೀಕ್ಷಿಸಿ, ನೈಟ್ರೋಜನ್ ಪರಮಾಣು ಆಕ್ಸಿಜನ್ ಆಗುವ 8 ಘಟನೆಗಳನ್ನು ಹುಡುಕಿದರು. ಎಂಥ ತಾಳ್ಮೆ!

1940ರ ಆಗಸ್ಟ್‌ನಲ್ಲಿ ಅವರು ಬ್ರಿಟನ್ನಿನ ವಿಮಾನ ನಿರೋಧಕ ಪಡೆಗೆ ಸಲಹೆಗಾರರಾದರು. ಸ್ವಲ್ಪ ದಿನಗಳಲ್ಲೇ ಲಂಡನ್ ಮೇಲೆ ರಾತ್ರಿ ದಾಳಿ ಶುರುವಾಯಿತು. ಆಗ ಒಂದು ವಿಮಾನ ಬೀಳಿಸಲು ಸುಮಾರು 20,000 ಗುಂಡು ಬೇಕಾಗುತ್ತಿತ್ತು. ಬ್ಲ್ಯಾಕೆಟ್ ಭೌತವಿಜ್ಞಾನಿಗಳ ಜೊತೆಗೆ ಗಣಿತಜ್ಞರನ್ನೂ ಶರೀರಕ್ರಿಯಾ ವಿಜ್ಞಾನಿಗಳನ್ನೂ ಕೂಡಿಸಿಕೊಂಡು, ರೇಡಾರ್ ಕೊಡುವ ಮಾಹಿತಿ ಫಿರಂಗಿಗೆ ಸರಿಯಾಗಿ ತಲುಪುವಂತೆ ಮಾಡಲು ಶ್ರಮಿಸಿದರು. ಮರುವರ್ಷ ಆ ಸಂಖ್ಯೆ ಸುಮಾರು 4,000ಕ್ಕೆ ಇಳಿಯಿತು.

ನನ್ನ ಪಾಠಕ್ಕೆ ಬೇಕಾದದ್ದು ಮಾತ್ರ ಇನ್ನೊಂದು ಪ್ರಸಂಗ. ಕರಾವಳಿಯ ಫಿರಂಗಿದಳಗಳು ಒಳನಾಡಿನವುಗಳಿಗಿಂತ ಅರ್ಧದಷ್ಟೇ ಗುಂಡಿನಲ್ಲಿ ವಿಮಾನ ಬೀಳಿಸುತ್ತಿದ್ದವೆಂದು ದಾಖಲೆ ಹೇಳುತ್ತಿತ್ತು. ಅವರ ವಿಧಾನವೇ ಉತ್ತಮವೇ? ಸಮುದ್ರದ ಮೇಲೆ ರೇಡಾರ್ ಚೆನ್ನಾಗಿ ಕೆಲಸ ಮಾಡುತ್ತದೆಯೇ? ಹಲವು ಊಹೆಗಳಾದವು. ಉತ್ತರ ಬಹಳ ಸರಳವಾಗಿತ್ತು. ಒಳನಾಡಿನಲ್ಲಿ ವಿಮಾನ ಬಿದ್ದರೆ ನೆಲದ ಮೇಲೆ ಅವಶೇಷ ಸಿಗುತ್ತದೆ, ಸಿಗದಿದ್ದರೆ ಲೆಕ್ಕಕ್ಕಿಲ್ಲ. ಸಮುದ್ರದಲ್ಲಿ ಪರೀಕ್ಷಿಸುವವರು ಯಾರು? ಬೀಳಿಸಿದೆವು ಎಂದದ್ದೆಲ್ಲ ಎಣಿಕೆಗೆ ಬಂದಿತ್ತು.

ಮಕ್ಕಳಿಗಾಗಿ ನಾನೇ ಹೀಗೊಂದು ಲೆಕ್ಕ ಮಾಡಿಕೊಂಡೆ: 40,000 ಗುಂಡು ಹಾರಿಸಿ ನಿಜಕ್ಕೂ 5 ವಿಮಾನ ಬಿದ್ದರೆ ಭಾಗಲಬ್ಧ 8,000, 10 ಬಿದ್ದವೆಂದು ಬರೆದರೆ 4,000. ಭಾಗಾಕಾರ ಎರಡರಲ್ಲೂ ಸರಿಯೇ, ಕೆಟ್ಟದ್ದು ಛೇದ. ಇದನ್ನು ನಂಬಿ ಕರಾವಳಿಯ ವಿಧಾನವನ್ನು ಲಂಡನ್ನಿಗೆ ತಂದಿದ್ದರೆ ತೆರಬೇಕಾದ ಬೆಲೆ ಊರಿನ ಜನರ ಜೀವ. ಇಂದಿನ ಕ್ಷಿಪಣಿಗಳ ಯಶಸ್ಸಿನ ಶೇಕಡಾವಾರು ಓದುವಾಗಲೂ ನಾನು ಮೊದಲು ಕೇಳುವುದು, ಎಣಿಸಿದವರು ಯಾರು ಎಂದೇ. ನಮ್ಮ ಪಠ್ಯದ ಸಮಸ್ಯೆಗಳಲ್ಲಿ ಸಂಖ್ಯೆಗಳು ಸಿದ್ಧವಾಗಿಯೇ ಬರುತ್ತವೆ. ಈ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

ಬ್ಲ್ಯಾಕೆಟ್‌ಗೆ 1948ರಲ್ಲಿ ನೊಬೆಲ್ ಬಂತು. ಅದೇ ವರ್ಷ, ನೆಹರೂ ಅವರ ಕೋರಿಕೆಯಂತೆ, ಭಾರತದ ರಕ್ಷಣಾ ಸಂಶೋಧನೆ ಕುರಿತು ವರದಿಯನ್ನೂ ಕೊಟ್ಟರು. ಅಣ್ವಸ್ತ್ರಗಳನ್ನು ವಿರೋಧಿಸಿ ತಮ್ಮ ಸರ್ಕಾರದ ಅಸಮಾಧಾನಕ್ಕೂ ಗುರಿಯಾದರು. 1974ರಲ್ಲಿ ತೀರಿಕೊಂಡರು.